ಕಾಳು ತೊಳೆಯೋದು ಹೇಗೆ: ಆಲ್-ಗ್ರೇನ್ ಬಿಯರ್ ಮಾಡೋರಿಗೆ ಯಾವ ಸ್ಪಾರ್ಜ್ ಸರಿ

ಎಕ್ಸ್‌ಟ್ರಾಕ್ಟ್ ಡಬ್ಬ, ಅಂದ್ರೆ ರೆಡಿಮೇಡ್ ಮಾಲ್ಟ್ ಪಾಕ, ಬಿಟ್ಟು ಕಾಳಿಂದಾನೇ ಬಿಯರ್ ಮಾಡೋ ಆಲ್-ಗ್ರೇನ್‌ಗೆ ಬರೋ ಫ್ರೆಂಡ್ಸೆಲ್ಲ ನನ್ನ ಹತ್ರ ಕೇಳೋದು ಒಂದೇ ಪ್ರಶ್ನೆ, ಸ್ಪಾರ್ಜ್, ಅಂದ್ರೆ ಕಾಳಲ್ಲಿ ಉಳಿದ ಸಕ್ಕರೆ ತೊಳೆದು ತೆಗೆಯೋದು, ಹೇಗ್ ಮಾಡ್ಲಿ, ಫ್ಲೈ ಮಾಡ್ಲಾ ಬ್ಯಾಚ್ ಮಾಡ್ಲಾ, ಇಲ್ಲಾ ಆ ಬ್ಯಾಗ್ ತಗೊಂಡು ಮುಗಿಸ್ಲಾ ಅಂತ. ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ಜೊತೆಗೆ ಫೋನಲ್ಲಿ ಲೆಕ್ಕ ಸರಿಯಾಗಿ ಹೇಳಕ್ಕೂ ಆಗಲ್ಲ, ಅದಕ್ಕೇ ಒಂದ್ಸಲ ಕೂತು ಪೂರ್ತಿ ಬರೀತಿದೀನಿ. ನಾಲ್ಕು ವಿಧಾನಾನೂ ನಾನು ಮಾಡಿ ನೋಡಿದೀನಿ, ಮೊದಲು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ, ಈಗ ಒರೆಗಾನ್‌ನ ಪೋರ್ಟ್‌ಲ್ಯಾಂಡಲ್ಲಿ.

ಶುರು ಮಾಡೋ ಮುಂಚೆ ಇದೊಂದು ಗೊತ್ತಿರ್ಲಿ, ಇದು ಅಮೆರಿಕದಲ್ಲಿ ಇರೋರಿಗೆ ಬರೆದಿದ್ದು. ಇಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿಂದ ಮನೇಲಿ ಬಿಯರ್ ಮಾಡ್ಕೊಳೋಕೆ ದಾರಿ ಆಯ್ತು, ಒಬ್ಬ ವಯಸ್ಕರಿರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ರೆ 200 ಗ್ಯಾಲನ್, ಮಾರೋ ಹಾಗಿಲ್ಲ. ರಾಜ್ಯದ ಕಾನೂನು ಬೇರೆ ಇರತ್ತೆ, ಅಲಬಾಮಾ ಮತ್ತೆ ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಊರಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮಾಡೋ ಹಾಗೇ ಇಲ್ಲ, ಅದಕ್ಕೆ ಊರಿಗೆ ಹೋದಾಗ ತಮ್ಮನ ಮನೇಲಿ ಟ್ರೈ ಮಾಡ್ತೀನಿ ಅಂತೆಲ್ಲ ಯೋಚನೆ ಬೇಡ.

ಸರಿ, ಸ್ಪಾರ್ಜ್ ಅಂದ್ರೆ ಏನು. ಮೊಳಕೆ ಬರ್ಸಿ ಒಣಗ್ಸಿದ ಬಾರ್ಲಿನ, ಅಂದ್ರೆ ಮಾಲ್ಟ್‌ನ, ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಂದ್ ಗಂಟೆ ಇಟ್ರೆ ಅದ್ರಲ್ಲಿರೋ ಎನ್‌ಜೈಮ್‌ಗಳು ಪಿಷ್ಟಾನ ಸಕ್ಕರೆ ಮಾಡತ್ವೆ, ಇದು ಮ್ಯಾಶ್. ಮೊಳಕೆ ರಾಗಿ ಒಣಗ್ಸಿ ಪುಡಿ ಮಾಡಿ ಮಕ್ಕಳಿಗೆ ಕಾಯ್ಸಿ ಕೊಟ್ಟಾಗ ಅದು ತೆಳ್ಳಗೆ ಸಿಹಿಸಿಹಿ ಆಗತ್ತಲ್ಲ, ಅದೇ ಕೆಲಸ. ಮ್ಯಾಶ್ ಆದ್ಮೇಲೆ ಸಿಹಿ ನೀರನ್ನ, ಅಂದ್ರೆ ವರ್ಟ್‌ನ, ಬಸಿದ್ರೂ ಕಾಳಲ್ಲಿ ಇನ್ನೂ ಬೇಕಾದಷ್ಟು ಸಕ್ಕರೆ ಉಳ್ಕೊಂಡಿರತ್ತೆ, ಯಾಕಂದ್ರೆ ಒಂದು ಕೆಜಿ ಕಾಳು ಹೆಚ್ಚುಕಮ್ಮಿ ಒಂದು ಲೀಟರ್ ಹಿಡ್ಕೊಂಡು ಬಿಡಲ್ಲ. ಆ ಉಳಿದಿದ್ದನ್ನ ಮತ್ತೆ ನೀರು ಹಾಕಿ ತೊಳೆದು ತೆಗೆಯೋದೇ ಸ್ಪಾರ್ಜ್. ತೆಂಗಿನಕಾಯಿ ಹಾಲು ತೆಗೆಯೋರಿಗೆ ಇದನ್ನ ಹೇಳ್ಕೊಡೋದೇ ಬೇಡ. ಮೊದಲ್ನೇ ಹಾಲು ಗಟ್ಟಿ, ಆಮೇಲೆ ಅದೇ ತುರಿಗೆ ಬಿಸಿನೀರು ಹಾಕಿ ತೆಗೆದ ಎರಡನೇ ಹಾಲು ತೆಳು, ಎರಡೂ ಬೇಕು.

ಇಂಗ್ಲೆಂಡಲ್ಲಿ ಹಿಂದಿನ ಕಾಲದಲ್ಲಿ ಹಿಂಗೇ ಮಾಡ್ತಿದ್ರು, ಒಂದೇ ಕಾಳಿಗೆ ಎರಡು ಮೂರು ಸಲ ನೀರು ಕಟ್ಟಿ, ಮೊದಲ್ನೇದ್ರಲ್ಲಿ ಗಟ್ಟಿ ಬಿಯರ್, ಕೊನೇದ್ರಲ್ಲಿ ತೆಳು ಸ್ಮಾಲ್ ಬಿಯರ್. ಮೇಲಿಂದ ನಿಧಾನಕ್ಕೆ ನೀರು ಚಿಮುಕಿಸೋ ಪದ್ಧತಿ ಸ್ಕಾಟ್ಲೆಂಡ್ ಕಡೆ ಬೆಳೀತು, 19ನೇ ಶತಮಾನದಲ್ಲಿ ಇಂಗ್ಲೆಂಡಿಗೆಲ್ಲ ಹರಡ್ತು. ಸ್ಪಾರ್ಜ್ ಅನ್ನೋ ಪದಾನೇ ಲ್ಯಾಟಿನ್‌ನ ಚಿಮುಕಿಸು ಅನ್ನೋ ಪದದಿಂದ ಬಂದಿದ್ದು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಕೊಳೋಣ, ಕೊನೇವರೆಗೂ ಇದನ್ನೇ ಹಿಡ್ಕೊಂಡು ಹೋಗ್ತೀನಿ. ಒಂದು ಸಾದಾ ಪೇಲ್ ಏಲ್, ಕುದಿಸಿ ಮುಗಿದ್ಮೇಲೆ 20 ಲೀಟರ್, ಗ್ರಾವಿಟಿ, ಅಂದ್ರೆ ನೀರು 1.000 ಅಂದ್ಕೊಂಡ್ರೆ ವರ್ಟ್ ಎಷ್ಟು ಗಟ್ಟಿ ಅನ್ನೋದು, 1.050. ಒಂದ್ ಗಂಟೆ ಕುದಿಯಕ್ಕೆ 4 ಲೀಟರ್ ಆವಿ ಹೋಗತ್ತೆ ಅಂದ್ಕೊಂಡ್ರೆ ಕುದಿಸೋಕ್ಕೆ ಮುಂಚೆ ಪಾತ್ರೇಲಿ 24 ಲೀಟರ್ ವರ್ಟ್ ಬೇಕು. ಎಲ್ಲಾ ವಿಧಾನದ ಗುರೀನೂ ಈ 24 ಲೀಟರೇ, ಅಲ್ಲಿಗೆ ಹೋಗೋ ದಾರಿ ಮಾತ್ರ ಬೇರೆ.

ನಾನು ಹತ್ತಕ್ಕೆ ಎಂಟು ಸಲ ಮಾಡೋದು ಬ್ಯಾಚ್ ಸ್ಪಾರ್ಜ್, ಅದಕ್ಕೆ ಅದ್ರಿಂದಾನೇ ಶುರು ಮಾಡ್ತೀನಿ. ಇದು ಸೀದಾ ತೆಂಗಿನ ಹಾಲಿನ ಲೆಕ್ಕ. ಮ್ಯಾಶ್ ಆದ್ಮೇಲೆ ಆ ಪಾತ್ರೆ ತಳದ ನಲ್ಲಿ ಬಿಟ್ಟು ಪೂರ್ತಿ ಬಸೀರಿ, ನಲ್ಲಿ ಮುಚ್ಚಿ, ಬಿಸಿನೀರು ಅಷ್ಟೂ ಒಂದೇ ಸಲ ಹಾಕಿ, ಸೌಟಲ್ಲಿ ತಳ ಮುಟ್ಟೋ ಹಾಗೆ ಚೆನ್ನಾಗಿ ಕಲಕಿ, ಐದತ್ತು ನಿಮಿಷ ಬಿಟ್ಟು ಮತ್ತೆ ಬಸೀರಿ. ಎರಡು ಸಲಾನೂ ಶುರುವಿನ ಎರಡು ಮೂರು ಲೀಟರ್ ಕದಡಿರತ್ತೆ, ಹೊಟ್ಟಿನ ಚೂರೆಲ್ಲ ಬರತ್ತೆ, ಅದನ್ನ ಜಗ್ಗಲ್ಲಿ ಹಿಡಿದು ನಿಧಾನಕ್ಕೆ ಮತ್ತೆ ಮೇಲೇ ಹಾಕ್ಬೇಕು, ತಿಳಿ ಬರೋವರೆಗೂ. ಇದಕ್ಕೆ ಫೋರ್ಲಾಫ್ ಅಂತಾರೆ, ಜರ್ಮನ್ ಪದ.

ನಮ್ಮ ಉದಾಹರಣೆಗೆ ನೀರಿನ ಲೆಕ್ಕ ಹೀಗೆ. ನಂಗೆ ಬ್ಯಾಚಲ್ಲಿ ಎಫಿಶಿಯೆನ್ಸಿ, ಅಂದ್ರೆ ಮಾಲ್ಟಿಂದ ಸಿಗಬಹುದಾದ ಸಕ್ಕರೇಲಿ ನಿಜವಾಗಿ ಸಿಕ್ಕಿದ್ದು, 76 ಪರ್ಸೆಂಟ್ ಹತ್ರ ಬರತ್ತೆ, ಅಂದ್ರೆ ಸುಮಾರು 4.3 ಕೆಜಿ ಮಾಲ್ಟ್ ಬೇಕು. ಅದು ಕುಡಿದು ಇಟ್ಕೊಳೋದು 4.3 ಲೀಟರ್, ಬೇಕಾಗಿರೋದು 24, ಒಟ್ಟು 28.3 ಲೀಟರ್ ನೀರು. ಎರಡು ಸಲ ಬಸಿಯೋದೂ ಹೆಚ್ಚುಕಮ್ಮಿ ಸಮ ಇದ್ರೆ ಸಕ್ಕರೆ ಜಾಸ್ತಿ ಸಿಗತ್ತೆ, ಆದ್ರಿಂದ ಮ್ಯಾಶಿಗೆ 16.3 ಲೀಟರ್ ಹಾಕಿದ್ರೆ 12 ಹೊರಗೆ ಬರತ್ತೆ, ಆಮೇಲೆ ಸ್ಪಾರ್ಜಿಗೆ 12 ಹಾಕಿದ್ರೆ 12 ಬರತ್ತೆ. ಅಷ್ಟೇ. ಸ್ಪಾರ್ಜ್ ನೀರು 80 ಡಿಗ್ರಿ ಇದ್ರೆ ಬೆಡ್ ಜೊತೆ, ಅಂದ್ರೆ ಒಳಗಿರೋ ಕಾಳಿನ ರಾಶಿ ಜೊತೆ, ಸೇರಿ 75ರ ಹತ್ರ ನಿಲ್ಲತ್ತೆ, ಅದಕ್ಕಿಂತ ಮೇಲೆ ಹೋಗೋದು ಬೇಡ.

ಬ್ಯಾಚಿನ ದೊಡ್ಡ ಗುಣ ಏನಪ್ಪಾ ಅಂದ್ರೆ ಕಲಕ್ತೀವಲ್ಲ ಅದೇ. ಕಲಕಿದ ಮೇಲೆ ಸಕ್ಕರೆ ಎಲ್ಲಾ ಕಡೆ ಒಂದೇ ಸಮ ಹರಡಿರತ್ತೆ, ಹಾಗಾಗಿ ಕೆಳಗಿರೋ ಜಾಲರಿ ಹೇಗಿದೆ, ನೀರು ಯಾವ ದಾರೀಲಿ ಇಳೀತು ಅನ್ನೋದು ಮುಖ್ಯಾನೇ ಆಗಲ್ಲ. ಪಿಕ್ನಿಕ್ಕಿಗೆ ತಗೊಂಡು ಹೋಗೋ ಐಸ್ ಕೂಲರ್, ಒಂದು ಬಾಲ್ ವಾಲ್ವ್, ನೀರಿನ ಹೋಸ್ ಮೇಲೆ ಸುತ್ತಿರೋ ಸ್ಟೀಲ್ ಹೆಣಿಗೆ ಬಿಚ್ಚಿ ಮಾಡಿದ ಜಾಲರಿ, ಇಷ್ಟು ಸಾಕು. ಹೀಗೆ ಕೂಲರಲ್ಲಿ ಬ್ಯಾಚ್ ಸ್ಪಾರ್ಜ್ ಮಾಡೋದನ್ನ ಅಮೆರಿಕದಲ್ಲಿ ಮನೆಮನೆಗೆ ಮುಟ್ಟಿಸಿದವರಲ್ಲಿ ನಮ್ಮ ಒರೆಗಾನ್‌ನ ಡೆನ್ನಿ ಕಾನ್ ಅವರ ಹೆಸರು ಹೇಳ್ಲೇಬೇಕು, ನನ್ನಂಥವರು ಎಷ್ಟೋ ಜನ ಅವರು ತೋರ್ಸಿದ ಕೂಲರಿಂದಾನೇ ಶುರು ಮಾಡಿದ್ದು.

ಇನ್ನು ಫ್ಲೈ ಸ್ಪಾರ್ಜ್. ದೊಡ್ಡ ಬ್ರೂವರಿಗಳಲ್ಲಿ ಮಾಡೋದು ಇದೇ, ಬೆಂಗಳೂರಿನ ಮೈಕ್ರೋಬ್ರೂವರಿಲಿ ಗಾಜಿನ ಹಿಂದೆ ಕಾಣೋ ದೊಡ್ಡ ಲಾಟರ್ ಟನ್, ಅಂದ್ರೆ ವರ್ಟ್ ಬಸಿಯೋ ಪಾತ್ರೆ, ಇದೆಯಲ್ಲ, ಅದ್ರ ಒಳಗೂ ಸಾಮಾನ್ಯವಾಗಿ ನಡೆಯೋದು ಇದೇ. ಕೆಳಗಿಂದ ವರ್ಟ್ ಎಷ್ಟು ಸ್ಪೀಡಲ್ಲಿ ಇಳೀತದೋ ಅಷ್ಟೇ ಸ್ಪೀಡಲ್ಲಿ ಮೇಲಿಂದ 76 ಡಿಗ್ರಿ ನೀರು ಚಿಮುಕಿಸ್ತಾ ಹೋಗ್ಬೇಕು, ಕಾಳಿನ ಮೇಲೆ ಯಾವಾಗ್ಲೂ ಎರಡು ಮೂರು ಸೆಂಟಿಮೀಟರ್ ನೀರು ನಿಂತಿರ್ಬೇಕು, ಕಲಕೋ ಹಾಗಿಲ್ಲ. ಗಟ್ಟಿ ವರ್ಟ್ ಕೆಳಗೆ ಕೆಳಗೆ ತಳ್ಕೊಂಡು ಹೋಗತ್ತೆ, ಹೊಸ ನೀರು ಅದ್ರ ಹಿಂದೆ ಬರತ್ತೆ, ನಮ್ಮ ಕಾಫಿ ಫಿಲ್ಟರ್ ಥರಾನೇ. ಫಿಲ್ಟರ್ ಒಳಗೆ ಸ್ಪೂನ್ ಹಾಕಿ ಕಲಕಿದ್ರೆ ಡಿಕಾಕ್ಷನ್ ಏನಾಗತ್ತೋ ಇಲ್ಲೂ ಹಂಗೇ ಆಗತ್ತೆ. 24 ಲೀಟರ್‌ನ ಒಂದ್ ಗಂಟೇಲಿ ಇಳಿಸ್ಬೇಕು ಅಂದ್ರೆ ನಿಮಿಷಕ್ಕೆ 400 ಎಂಎಲ್, ಅಂದ್ರೆ ನಲ್ಲಿನ ಬರೀ ಒಂದು ಚೂರು ತೆಗ್ದಿರ್ಬೇಕು. ನಲವತ್ತೈದು ನಿಮಿಷದಿಂದ ಒಂದೂವರೆ ಗಂಟೆ ತಗೊಳತ್ತೆ, ಅಷ್ಟು ಹೊತ್ತೂ ಪಕ್ಕದಲ್ಲೇ ಇರ್ಬೇಕು.

ಇದಕ್ಕೆ ಸಾಮಾನೂ ಜಾಸ್ತಿ. ಬಿಸಿನೀರಿಗೇ ಒಂದು ಪಾತ್ರೆ, ಅದು ಎತ್ತರದಲ್ಲಿ ಇರ್ಬೇಕು ಇಲ್ಲಾ ಪಂಪ್ ಬೇಕು, ಚಿಮುಕಿಸೋಕೆ ಒಂದು ಸಾಧನ, ಮ್ಯಾಶ್ ಮಾಡೋ ಪಾತ್ರೆ (ಮ್ಯಾಶ್ ಟನ್) ತಳಕ್ಕೆ ಪೂರ್ತಿ ಅಗಲದ ತೂತಿನ ತಟ್ಟೆ, ಅಂದ್ರೆ ಫಾಲ್ಸ್ ಬಾಟಮ್. ಬ್ಯಾಚಿಗೆ ಹೇಳಿದ ಆ ಸ್ಟೀಲ್ ಜಾಲರಿ ಇಲ್ಲಿ ನಡೆಯಲ್ಲ, ಯಾಕಂದ್ರೆ ನೀರು ಸುಲಭದ ದಾರಿ ಹುಡ್ಕತ್ತೆ, ಮಧ್ಯದಲ್ಲಿ ಜಾಲರಿ ಇದ್ರೆ ಮಧ್ಯದ ಕಾಳು ಮಾತ್ರ ತೊಳೆದು ತೊಳೆದು ಸಪ್ಪೆ ಆಗತ್ತೆ, ಬದೀಲಿರೋ ಕಾಳಲ್ಲಿ ಸಕ್ಕರೆ ಹಾಗೇ ಉಳಿಯತ್ತೆ, ಇದಕ್ಕೆ ಚಾನೆಲಿಂಗ್ ಅಂತಾರೆ. ಮತ್ತೆ ಇಷ್ಟು ನಿಧಾನಕ್ಕೆ ಬಸಿಯೋದ್ರಿಂದ ಎನ್‌ಜೈಮ್ ಕೆಲಸ ನಡೀತಾನೇ ಇರತ್ತೆ, ಅದನ್ನ ನಿಲ್ಲಿಸೋಕೆ ಶುರುವಲ್ಲೇ ಮ್ಯಾಶ್‌ನ 76ಕ್ಕೆ ಏರಿಸ್ಬೇಕು, ಇದು ಮ್ಯಾಶ್-ಔಟ್. ಬ್ಯಾಚಲ್ಲಿ ಬೇಗ ಬಸಿದು ಬೇಗ ಕುದಿಸ್ತೀವಿ, ಅದಕ್ಕೆ ಅಲ್ಲಿ ಇದರ ತಲೆನೋವಿಲ್ಲ.

ಇಷ್ಟೆಲ್ಲ ಮಾಡಿದ್ರೆ ಸಿಗೋದು? ನಂಗೆ 80 ಪರ್ಸೆಂಟ್ ಬಂತು, ಅಂದ್ರೆ 4.3 ಬದ್ಲು 4.06 ಕೆಜಿ ಮಾಲ್ಟ್. ಕಾಲು ಕೆಜಿ ಉಳಿತು. ಅಂಗಡೀಲಿ ಟೂ-ರೋ ಅನ್ನೋ ಸಾದಾ ಬಾರ್ಲಿ ಮಾಲ್ಟ್ ಕೆಜಿಗೆ ನಾಲ್ಕು ಡಾಲರ್ ಅಂದ್ರೂ ಉಳಿದಿದ್ದು ಒಂದು ಡಾಲರ್, ಅದಕ್ಕೆ ಒಂದ್ ಗಂಟೆ ಜಾಸ್ತಿ ನಿಂತೆ. ಸಾವಿರಾರು ಲೀಟರ್ ಮಾಡೋ ಬ್ರೂವರಿಗೆ ಈ ನಾಲ್ಕು ಪರ್ಸೆಂಟ್ ಅಂದ್ರೆ ದೊಡ್ಡ ದುಡ್ಡು, ಅವರು ಮಾಡೋದು ನೂರಕ್ಕೆ ನೂರು ಸರಿ. 20 ಲೀಟರಿಗೆ ಆ ಲೆಕ್ಕ ಕೂರಲ್ಲ. ಆದ್ರೆ ನಿಧಾನಕ್ಕೆ ಇಳಿಯೋ ಆ ತಿಳಿ ವರ್ಟ್ ನೋಡ್ಕೊಂಡು ಗ್ಯಾರೇಜಲ್ಲಿ ಕೂರೋದೇ ಇಷ್ಟ ಅನ್ನೋರು ಇದಾರೆ, ಅವರಿಗೆ ನಾನು ಬೇಡ ಅನ್ನಲ್ಲ, ಆ ಖುಷಿ ನಿಜವಾದ್ದು.

ಫ್ಲೈ ಸ್ಪಾರ್ಜಲ್ಲಿ ನಂಗೆ ಬಿದ್ದ ಪೆಟ್ಟು ನೀರಿಂದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೊಸಬರು ನೋಡದೇ ಇರೋದೇ ಇದು. ಬಾರ್ಲಿ ಹೊಟ್ಟಲ್ಲಿ ಟ್ಯಾನಿನ್ ಇರತ್ತೆ. ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ಬೇಯಿಸಿ ಉಳಿಯೋ ಚೊಗರು ನೋಡ್ಕೊಂಡೇ ಬೆಳೆದಿದ್ದು, ಆ ಕೆಂಪು ನೀರು ಒಂದ್ ಹನಿ ನಾಲಿಗೆಗೆ ತಾಗಿದ್ರೂ ಬಾಯೆಲ್ಲ ಒಗರು ಹಿಡ್ಕೊಳತ್ತೆ, ಅದೂ ಟ್ಯಾನಿನ್ನೇ. ಮ್ಯಾಶಲ್ಲಿ ಪಿಎಚ್ 5.2ರಿಂದ 5.6 ಇರೋವರೆಗೂ ಹೊಟ್ಟಿನ ಟ್ಯಾನಿನ್ ಅಷ್ಟಾಗಿ ಬಿಡಲ್ಲ. ಫ್ಲೈ ಸ್ಪಾರ್ಜಲ್ಲಿ ಕೊನೆಕೊನೆಗೆ ಸಕ್ಕರೆ ಎಲ್ಲ ಹೋಗಿ ಬರೀ ನೀರೇ ಹೊಟ್ಟಿನ ಮೂಲಕ ಹರೀತಿರತ್ತೆ, ಆಗ ಪಿಎಚ್ ಮೇಲೇರತ್ತೆ, 6ರ ಹತ್ರ ಹೋದ್ರೆ, ಜೊತೆಗೆ ನೀರು 77 ಡಿಗ್ರಿ ದಾಟಿ ಬಿಸಿ ಇದ್ರೆ, ಚೊಗರು ಬಿಡೋಕೆ ಶುರು. ಸ್ಯಾನ್ ಆಂಟೋನಿಯೋದ ನೀರು ಎಡ್ವರ್ಡ್ಸ್ ಆಕ್ವಿಫರ್ ಅನ್ನೋ ಅಂತರ್ಜಲದ್ದು, ಸುಣ್ಣಕಲ್ಲಿನ ಒಳಗಿಂದ ಬರೋ ಗಡಸು ನೀರು, ಆಲ್ಕಲಿನಿಟಿ, ಅಂದ್ರೆ ಪಿಎಚ್ ಇಳಿಯೋಕೆ ಬಿಡದ ಕ್ಷಾರ ಗುಣ, ಜಾಸ್ತಿ. ಅಲ್ಲಿ ನಾನು ಮಾಡಿದ ಮೊದಲ್ನೇ ಫ್ಲೈ ಸ್ಪಾರ್ಜ್ ಪೇಲ್ ಏಲ್ ಬಾಯಿಗೆ ಹಾಕಿದ್ರೆ ಎಳೆ ಅಡಿಕೆ ಅಗಿದ ಹಾಗಿತ್ತು, ಎರಡು ತಿಂಗಳು ಇಟ್ಟು ನೋಡ್ದೆ, ಹೋಗ್ಲಿಲ್ಲ. ಇಪ್ಪತ್ತು ಲೀಟರ್ ಚೆಲ್ಲಿದ ದಿನ ನಂಗೆ ನಿಜವಾಗ್ಲೂ ಬೇಜಾರಾಗಿತ್ತು.

ಈಗ ಪೋರ್ಟ್‌ಲ್ಯಾಂಡಿನ ಬುಲ್ ರನ್ ಜಲಾಶಯದ ನೀರು ಮಳೆನೀರಿನಷ್ಟು ಮೃದು, ಇಲ್ಲಿ ಅದೇ ರೆಸಿಪಿ, ಅದೇ ಫ್ಲೈ ಸ್ಪಾರ್ಜ್, ಒಗರಿನ ಸುಳಿವೇ ಇಲ್ಲ. ಹಾಗಾಗಿ ಫ್ಲೈ ಮಾಡೋರು ಮೊದಲು ನಿಮ್ಮೂರಿನ ನೀರಿನ ರಿಪೋರ್ಟ್ ತೆಗೆದು ಆಲ್ಕಲಿನಿಟಿ ನೋಡಿ. ಜಾಸ್ತಿ ಇದ್ರೆ ಸ್ಪಾರ್ಜ್ ನೀರಿಗೆ ಲ್ಯಾಕ್ಟಿಕ್ ಇಲ್ಲಾ ಫಾಸ್ಫಾರಿಕ್ ಆಸಿಡ್ ಲೆಕ್ಕ ಹಾಕಿ ಹಾಕಿ ಪಿಎಚ್ 5.5ರ ಹತ್ರ ತನ್ನಿ, ಇಲ್ಲಾ ಆರ್‌ಓ ನೀರು ತಗೊಳಿ. ಇಳೀತಿರೋ ವರ್ಟ್ ಗ್ರಾವಿಟಿ 1.010ಕ್ಕೆ ಬಂದಾಗ ನಿಲ್ಲಿಸ್ಬಿಡಿ, ಪಾತ್ರೆ ತುಂಬಿಲ್ಲ ಅಂದ್ರೆ ಸಾದಾ ನೀರು ಸೇರಿಸಿ. ಬ್ಯಾಚಲ್ಲಿ ಎರಡನೇ ಸಲ ಬಸಿದಿದ್ದೂ 1.025ರ ಹತ್ರ ಇರತ್ತೆ, ಅಂದ್ರೆ ಸಕ್ಕರೆ ಇನ್ನೂ ಇರೋವಾಗ್ಲೇ ನಾವು ನಿಲ್ಲಿಸಿರ್ತೀವಿ, ಅಲ್ಲಿ ಈ ಭಯ ತುಂಬಾ ಕಮ್ಮಿ. ಗಡಸು ನೀರಿನ ಊರಲ್ಲಿ ಇರೋರಿಗೆ ನಾನು ಬ್ಯಾಚ್ ಅನ್ನೋಕೆ ಇದೇ ದೊಡ್ಡ ಕಾರಣ.

ಮೂರನೇದು ಸ್ಪಾರ್ಜೇ ಮಾಡ್ದೆ ಇರೋದು, ನೋ-ಸ್ಪಾರ್ಜ್. ಅಷ್ಟೂ ನೀರು ಮ್ಯಾಶಿಗೇ ಹಾಕೋದು, ಒಂದ್ಸಲ ಬಸಿಯೋದು, ಮುಗೀತು. ನಂಗೆ ಇದ್ರಲ್ಲಿ 68 ಪರ್ಸೆಂಟ್ ಸಿಗತ್ತೆ, ಅಂದ್ರೆ 4.8 ಕೆಜಿ ಮಾಲ್ಟ್, ನೀರು 28.8 ಲೀಟರ್, ಎರಡೂ ಸೇರಿದ್ರೆ 32 ಲೀಟರ್ ಜಾಗ ಬೇಕು, 38 ಲೀಟರಿನ ಕೂಲರಲ್ಲಿ ಹಿಡಿಯತ್ತೆ, 19ರದ್ರಲ್ಲಿ ಆಗಲ್ಲ. ಬ್ಯಾಚಿಗಿಂತ ಅರ್ಧ ಕೆಜಿ ಜಾಸ್ತಿ, ಅಂದ್ರೆ ಎರಡು ಡಾಲರ್. ಆ ಎರಡು ಡಾಲರಿಗೆ ಅರ್ಧ ಗಂಟೆ ಉಳಿಯತ್ತೆ, ಒಂದು ಪಾತ್ರೆ ತೊಳೆಯೋದು ಉಳಿಯತ್ತೆ. ಪುಟ್ಟ ಮಕ್ಕಳಿರೋ ಮನೇಲಿ ಮಧ್ಯಾಹ್ನ ಅವು ಮಲಗಿರೋ ಹೊತ್ತಲ್ಲಿ ಬ್ರೂ ಮಾಡ್ಬೇಕು ಅನ್ನೋರಿಗೆ ಇದು ವರ. ರುಚಿ ತುಂಬಿರತ್ತೆ ಅಂತ ಹೇಳೋರೂ ಇದಾರೆ, ಜಪಾನಿನ ಕಿರಿನ್ ಕಂಪನಿ 1990ರಿಂದ ಇಚಿಬಾನ್ ಶಿಬೋರಿ ಅಂತ ಮೊದಲ್ನೇ ವರ್ಟಿನ ಬಿಯರ್ ಅನ್ನೋದನ್ನೇ ಹೆಸರಲ್ಲಿಟ್ಟು ಮಾರ್ತಿದೆ. ನಾನು ಒಂದೇ ರೆಸಿಪಿನ ಎರಡೂ ಥರ ಮಾಡಿ ಪಕ್ಕಪಕ್ಕ ಇಟ್ಟು ಕುಡಿದೆ, ಮಾಲ್ಟಿನ ಘಮ ಒಂಚೂರು ಜಾಸ್ತಿ ಅನ್ನಿಸ್ತು, ಆದ್ರೆ ಕಣ್ಣು ಮುಚ್ಚಿ ಕೊಟ್ರೆ ಗುರುತು ಹಿಡೀತೀನಿ ಅನ್ನೋ ಧೈರ್ಯ ನಂಗಿಲ್ಲ.

ಬ್ಯಾಗ್ ವಿಧಾನ, ಬ್ರೂ ಇನ್ ಎ ಬ್ಯಾಗ್, ಇದೇ ನೋ-ಸ್ಪಾರ್ಜಿನ ತಮ್ಮ. 2000ದ ದಶಕದಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳು ಬೆಳೆಸಿದ್ದು. ಕುದಿಸೋ ಪಾತ್ರೇಲೇ ಬಟ್ಟೆ ಚೀಲ ಇಟ್ಟು ಅದ್ರಲ್ಲಿ ಕಾಳು ಹಾಕಿ ಮ್ಯಾಶ್ ಮಾಡಿ, ಆಮೇಲೆ ಚೀಲ ಎತ್ತಿ ಬಸಿದು ಹಿಂಡಿ, ಅದೇ ಪಾತ್ರೇಲಿ ಕುದಿಸೋದು. ರಾಗಿ ಹಾಲುಬಾಯಿಗೆ ಬಟ್ಟೇಲಿ ಹಾಲು ಹಿಂಡ್ತೀವಲ್ಲ, ಕೈಗೆ ಅದೇ ಅಭ್ಯಾಸ. ಒಂದೇ ಪಾತ್ರೆ, ಒಂದೇ ಒಲೆ, ಅಪಾರ್ಟ್‌ಮೆಂಟಲ್ಲಿ ಇರೋರಿಗೆ ನಾನು ಬೇರೇನೂ ಹೇಳೋದೇ ಇಲ್ಲ. ಹಿಂಡೋದ್ರಿಂದ ಕಾಳು ಕೆಜಿಗೆ ಅರ್ಧ ಲೀಟರ್ ಚಿಲ್ರೆ ಮಾತ್ರ ಹಿಡ್ಕೊಳತ್ತೆ, ಮತ್ತೆ ಚೀಲಾನೇ ಸೋಸೋದ್ರಿಂದ ಕಾಳನ್ನ ನುಣ್ಣಗೆ ಒಡೀಬಹುದು, ಕೂಲರಿಗೆ ಮಿಲ್ ಗ್ಯಾಪ್, ಅಂದ್ರೆ ಕಾಳು ಒಡೆಯೋ ರೋಲರ್‌ಗಳ ನಡುವಿನ ಸಂದು, 1 ಮಿಲಿಮೀಟರ್ ಇಟ್ರೆ ಇಲ್ಲಿ 0.7 ಇಡಿ, ಹಾಗಾಗಿ ಎಫಿಶಿಯೆನ್ಸಿ ಬ್ಯಾಚಿನ ಹತ್ರಾನೇ ಬರತ್ತೆ. ಹಿಂಡಿದ್ರೆ ಟ್ಯಾನಿನ್ ಬರತ್ತೆ ಅಂತ ಹೆದರ್ಸ್ತಾರೆ, ಟ್ಯಾನಿನ್ ಬಿಡ್ಸೋದು ಪಿಎಚ್ ಮತ್ತೆ ಬಿಸಿ, ಕೈಯ ಬಲ ಅಲ್ಲ, ಧೈರ್ಯವಾಗಿ ಹಿಂಡಿ, ಕೈಗೆ ದಪ್ಪ ರಬ್ಬರ್ ಗ್ಲೌಸ್ ಮಾತ್ರ ಬೇಕೇ ಬೇಕು.

ತೊಂದರೆ ಇರೋದು ಭಾರದಲ್ಲಿ. ನಾಲ್ಕೂವರೆ ಕೆಜಿ ಕಾಳು ನೀರು ಕುಡಿದು ಎತ್ತೋವಾಗ ಒಂಬತ್ತು ಕೆಜಿ ಮೇಲೆ, ಅದೂ 65 ಡಿಗ್ರಿ ಬಿಸಿ, ತೊಟ್ಟಿಕ್ಕೋ ಚೀಲ. ಬೆನ್ನು ನೋವಿರೋರು ಮೇಲೆ ಕೊಕ್ಕೆ, ರಾಟೆ ಕಟ್ಟೋಕೆ ಜಾಗ ಇದ್ರೆ ಮಾತ್ರ ಮಾಡಿ. ಗ್ರೇನ್‌ಫಾದರ್ ಥರ ಕರೆಂಟಿನ ಆಲ್-ಇನ್-ಒನ್ ಮಷಿನ್‌ಗಳೂ ಇದೇ ತತ್ವಾನೇ, ಚೀಲದ ಬದ್ಲು ಸ್ಟೀಲ್ ಬುಟ್ಟಿ, ಎತ್ತಿ ಅಂಚಿಗೆ ಕೂರ್ಸಿ ಮೇಲಿಂದ ಜಗ್ಗಲ್ಲಿ ನೀರು ಹುಯ್ಯೋದು. ಸಣ್ಣ ಪಾತ್ರೇಲಿ ಚೀಲದ ವಿಧಾನ ಮಾಡೋರು ಇನ್ನೊಂದು ಬಕೆಟ್ಟಲ್ಲಿ ಐದಾರು ಲೀಟರ್ ನೀರಿಟ್ಟು ಚೀಲಾನ ಅದ್ರಲ್ಲಿ ಅದ್ದಿ ಕಲಕಿ ಹಿಂಡಿದ್ರೆ ಅದೂ ಒಂದು ಬ್ಯಾಚ್ ಸ್ಪಾರ್ಜ್ ಆಯ್ತು.

ಕಾಳು ಯಾವುದು ಅನ್ನೋದೂ ನೋಡ್ಬೇಕು. ಗೋಧಿಗೆ ಹೊಟ್ಟಿಲ್ಲ, ರೈ ಮತ್ತೆ ಓಟ್ಸ್ ಅಂಟಂಟು, ಇವು ಅರ್ಧಕ್ಕೆ ಹತ್ರ ಇದ್ರೆ ಫ್ಲೈ ಸ್ಪಾರ್ಜಲ್ಲಿ ಬೆಡ್ ಕಟ್ಕೊಂಡು ಒಂದು ಹನೀನೂ ಇಳಿಯಲ್ಲ. ರೈ ಹಾಕಿ ಮಾಡಿದಾಗ ನಾನು ರಾತ್ರಿ ಹನ್ನೊಂದರವರೆಗೂ ಕೂತಿದೀನಿ. ಭತ್ತದ ಹೊಟ್ಟು, ಇಲ್ಲಿ ಹೋಮ್‌ಬ್ರೂ ಅಂಗಡೀಲಿ ಪ್ಯಾಕೆಟ್ಟಲ್ಲೇ ಸಿಗತ್ತೆ, ಒಂದೆರಡು ಹಿಡಿ ನೆನೆಸಿ ಮ್ಯಾಶಿಗೆ ಕಲಸಿದ್ರೆ ಬೆಡ್ ಬಿಡಿಬಿಡಿ ಆಗತ್ತೆ. ಬ್ಯಾಚಲ್ಲಿ ಕಟ್ಕೊಂಡ್ರೆ ಮತ್ತೆ ಕಲಕಿ ಹತ್ತು ನಿಮಿಷ ಬಿಟ್ರೆ ಸಾಕು, ಚೀಲದಲ್ಲಂತೂ ಕಟ್ಕೊಳೋ ಮಾತೇ ಇಲ್ಲ.

ತುಂಬಾ ಸ್ಟ್ರಾಂಗ್ ಬಿಯರ್, 1.080 ಮೇಲೆ, ಅದಕ್ಕೆ ಲೆಕ್ಕ ಬೇರೆ. ಕಾಳು ಎಂಟು ಕೆಜಿ ದಾಟತ್ತೆ, ಅದು ಎಂಟು ಲೀಟರ್ ಗಟ್ಟಿ ವರ್ಟ್ ಹಿಡ್ಕೊಳತ್ತೆ, ಯಾವ ವಿಧಾನದಲ್ಲೂ ಎಫಿಶಿಯೆನ್ಸಿ ಬೀಳತ್ತೆ, ನೋ-ಸ್ಪಾರ್ಜಲ್ಲಂತೂ ಧಸಕ್ಕನೆ ಬೀಳತ್ತೆ. ಅಲ್ಲಿ ಫ್ಲೈ ಸ್ಪಾರ್ಜಿಗೆ ನಿಜವಾದ ಬೆಲೆ ಇದೆ, ಟೈಮ್ ಇದ್ರೆ ಮಾಡಿ. ಇಲ್ಲಾಂದ್ರೆ ಹಳೇ ಇಂಗ್ಲಿಷ್ ದಾರಿ ಹಿಡೀರಿ, ಮೊದಲ್ನೇ ವರ್ಟಲ್ಲಿ ಬಾರ್ಲಿವೈನ್ ಅನ್ನೋ ತುಂಬಾ ಸ್ಟ್ರಾಂಗ್ ಬಿಯರ್, ಎರಡನೇದ್ರಲ್ಲಿ ಇನ್ನೊಂದು ತೆಳು ಬಿಯರ್. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ ಓಲ್ಡ್ ಫಾಗ್‌ಹಾರ್ನ್ ಅನ್ನೋ ಬಾರ್ಲಿವೈನ್ ಮಾಡಿ ಉಳಿದ ಕಾಳಲ್ಲೇ ಸ್ಮಾಲ್ ಬಿಯರ್ ತೆಗೀತಿತ್ತು. ನಾನು ಚಳಿಗಾಲದಲ್ಲಿ ವರ್ಷಕ್ಕೆ ಒಂದ್ಸಲ ಹಿಂಗೆ ಮಾಡ್ತೀನಿ, ಗಟ್ಟಿದು ಮುಂದಿನ ದೀಪಾವಳಿಗೆ, ತೆಳುದು ಮುಂದಿನ ತಿಂಗಳಿಗೆ.

ಹಾಗಾದ್ರೆ ಯಾವ್ದು ತಗೊಳೋದು ಅಂದ್ರೆ, ಮನೇಲಿ ಒಲೆ ಒಂದೇ, ಜಾಗ ಕಮ್ಮಿ ಇದ್ರೆ ಬ್ಯಾಗ್. ಗ್ಯಾರೇಜ್ ಇದೆ, ಕೂಲರ್ ಇದೆ, ತಿಂಗಳಿಗೊಂದು ಸಲ ಮಾಡ್ತೀರ ಅಂದ್ರೆ ಬ್ಯಾಚ್, ಎರಡು ಮಾತಿಲ್ಲ. ನೀರು ಮೃದು, ಪಂಪ್ ಇದೆ, ಸ್ಟ್ರಾಂಗ್ ಬಿಯರ್ ಇಷ್ಟ ಅಂದ್ರೆ ಫ್ಲೈ. ಎಫಿಶಿಯೆನ್ಸಿ 70 ಬಂತೋ 80 ಬಂತೋ ಅಂತ ಜಗಳ ಬೇಡ, ಪ್ರತಿ ಸಲಾನೂ ಅದೇ ಬರ್ಬೇಕು, ಅದೇ ಬಂದ್ರೆ ಮಾತ್ರ ರೆಸಿಪಿ ಬರೆದಿಟ್ಟು ಅದೇ ಬಿಯರ್ ಮತ್ತೆ ಮಾಡಕ್ಕಾಗೋದು. ಒಂದ್ ವಿಧಾನ ಹಿಡಿದ್ರೆ ಒಂದೇ ರೆಸಿಪಿನ ಮೂರು ಸಲ ಮಾಡಿ, ಬಸಿದಿದ್ದು ಎಷ್ಟು ಲೀಟರ್, ಗ್ರಾವಿಟಿ ಎಷ್ಟು, ಎರಡೂ ಪ್ರತಿ ಸಲ ಬರೆದಿಡಿ. ಮೂರು ಸಲಾನೂ ಹತ್ರಹತ್ರ ಬಂದ್ರೆ ಆ ನಂಬರೇ ನಿಮ್ಮದು.

ಕೊನೇದಾಗಿ ಒಂದು, ಎರಡನೇ ಒಲೆ ಇಲ್ಲ, ಸ್ಪಾರ್ಜ್ ನೀರು ಕಾಯ್ಸೋದು ಹೇಗೆ ಅಂತ ಕೇಳೋರಿಗೆ. ಕಾಯಿಸ್ಬೇಡಿ. ಮ್ಯಾಶ್ ಮುಗಿಯೋ ಹೊತ್ತಿಗೆ ಪಿಷ್ಟ ಎಲ್ಲ ಸಕ್ಕರೆ ಆಗಿ ಕರಗಿರತ್ತೆ, ಅದನ್ನ ತೊಳೆಯೋಕೆ ತಣ್ಣೀರೂ ಸಾಕು. ನಾನು ನಲ್ಲಿಯ 12 ಲೀಟರ್ ತಣ್ಣೀರು, ನಲ್ಲಿ ನೀರಿಗೆ ಕ್ರಿಮಿ ಸಾಯ್ಸೋಕೆ ಹಾಕೋ ಕ್ಲೋರಮೈನ್ ಹೋಗೋಕೆ ಚೂರು ಕ್ಯಾಂಪ್ಡೆನ್ ಮಾತ್ರೆ ಪುಡಿ ಮಾಡಿ ಹಾಕಿ, ಹಾಗೇ ಸುರಿದು ಮಾಡಿದೀನಿ, ಗ್ರಾವಿಟೀಲಿ ಒಂದೆರಡು ಪಾಯಿಂಟ್ ಬಿಟ್ರೆ ವ್ಯತ್ಯಾಸ ಕಾಣ್ಲಿಲ್ಲ. ಕುದಿ ಬರೋಕೆ ಇಪ್ಪತ್ತು ನಿಮಿಷ ಜಾಸ್ತಿ ಹಿಡೀತು, ಅದಕ್ಕೆ ಮೊದಲ್ನೇ ವರ್ಟ್ ಪಾತ್ರೆಗೆ ಬಿದ್ದ ತಕ್ಷಣ ಒಲೆ ಹಚ್ಚಿಬಿಡಿ, ಎರಡನೇದು ಇಳಿಯೋ ಹೊತ್ತಿಗೆ ಅದು ಆಗ್ಲೇ ಬಿಸಿ ಆಗಿರತ್ತೆ.